ಅಕ್ಕುತಾಯಿಯ ನಾಲಿಗೆ

ಮೀನಿನ ಬಗ್ಗೆ ಬರೆಯಲು ನನಗಿಂತ ಅನರ್ಹಳು ನಮ್ಮೂರು ಅಕ್ಕೋಳದಲ್ಲಿ ಇನ್ನೊಬ್ಬಳಿಲ್ಲ. ನಾನು ಜಿನಮತಿ, ಜೈನರ ಮನೆಯ ಸೊಸೆ. ಮೀನಿನ ಮಾತಿರಲಿ, ಚಾತುರ್ಮಾಸದ ನಾಲ್ಕು ತಿಂಗಳು ನಮ್ಮ ಮನೆಯ ಹೊಸ್ತಿಲನ್ನು ಬೆಳ್ಳುಳ್ಳಿಯೂ ದಾಟುತ್ತಿರಲಿಲ್ಲ. ಆದರೆ 1984ರಲ್ಲಿ ನನಗೆ ಅಂಗನವಾಡಿ ಕೆಲಸ ಸಿಕ್ಕಿತು, ಅದೂ ಊರಿನ ಕೊನೆಯ ಗಲ್ಲಿಯದು. ಚಿಕ್ಕೋಡಿಯಲ್ಲಿ ತರಬೇತಿ ಮುಗಿದ ದಿನ ಕೈಗೊಂದು ಚಾರ್ಟು ಕೊಟ್ಟರು. ಆರು ತಿಂಗಳು ದಾಟಿದ ಕೂಸಿಗೆ ಏನೇನು ತಿನ್ನಿಸಬೇಕು ಎಂಬುದರ ಚಿತ್ರಗಳು: ಗಂಜಿ, ಬೇಳೆಯ ಕಟ್ಟು, ಬಾಳೆಹಣ್ಣು, ಮೊಟ್ಟೆ, ಕಡೆಗೊಂದು ಮೀನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ನನ್ನ ಪಾಡು ಅದರ ತಿರುಗಾಮುರುಗಾ ಆಗಿತ್ತು. ತಿನ್ನುವುದು ಬದನೆಕಾಯಿ, ಹೇಳಬೇಕಾದದ್ದು ಮೀನು.

ಮೊದಲನೇ ತಾಯಂದಿರ ಸಭೆಯಲ್ಲಿ ಚಾರ್ಟು ಹಿಡಿದು ಪಾಠ ಒಪ್ಪಿಸಿದೆ. ಮೀನನ್ನು ಚೆನ್ನಾಗಿ ಬೇಯಿಸಬೇಕು, ಮುಳ್ಳು ತೆಗೆಯಬೇಕು, ಮೆತ್ತಗೆ ಹಿಸುಕಿ ಒಂದು ಚಮಚೆಯಿಂದ ಶುರು ಮಾಡಬೇಕು ಎಂದೆ. ಹಿಂದೆ ಗೋಡೆಗೆ ಆತುಕೊಂಡು ಕುಳಿತಿದ್ದ ಒಬ್ಬ ಹೆಂಗಸು ಕೇಳಿದಳು.

"ಬಾಯಾರ, ನೀವು ಎಂದರ ಮೀನ ಮುಟ್ಟೀರೇನ್ರಿ?"

"ಇಲ್ಲ."

"ಮತ್ತ ಮುಳ್ಳ ತಗಿಯೂದು ನಮಗ ಕಲಸಾಕ ಬಂದೀರಿ?"

ಸಭೆಯೆಲ್ಲ ನಕ್ಕಿತು. ನನಗೆ ಸಿಟ್ಟು ಬಂದು ಚಾರ್ಟು ಸುತ್ತಿಟ್ಟೆ. ಆ ಹೆಂಗಸೇ ಅಕ್ಕುತಾಯಿ. ಆಗ ನಲವತ್ತೈದರ ಆಸುಪಾಸಿನವಳು, ನೋಡಲು ಅರವತ್ತು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳನ್ನು ನಾನು 'ನೀ' ಎಂದೇ ಕರೆಯುತ್ತಿದ್ದೆ, ಅವಳು ನನ್ನನ್ನು ಟೀಚರಿಗೆ ಹೇಳುವಂತೆ 'ಬಾಯಾರ', 'ನೀವು' ಎನ್ನುತ್ತಿದ್ದಳು. ಆಗಿನ ನಮ್ಮೂರಿನಲ್ಲಿ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ, ನಾನೂ ಪ್ರಶ್ನಿಸಲಿಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಅವಳು ಕೇಳಿದ್ದು ಕುಚೋದ್ಯಕ್ಕಲ್ಲ ಎಂದು ಆಮೇಲೆ ತಿಳಿಯಿತು. ಆ ಗಲ್ಲಿಯಲ್ಲಿ ಯಾವ ಕೂಸಿಗೇ ಆಗಲಿ, ಮೊದಲನೇ ಮೀನು ಅಕ್ಕುತಾಯಿಯ ಬಾಯಿ ದಾಟಿಯೇ ಹೋಗಬೇಕು. ಅವಳ ಗಂಡ ಸತ್ತೆಪ್ಪ ಊರ ಗೌಡರ ಕಬ್ಬಿನ ಗದ್ದೆಯಲ್ಲಿ ಆಳು, ಬಿಡುವಿದ್ದಾಗ ವೇದಗಂಗೆ ಹೊಳೆಯಲ್ಲಿ ಬಲೆ ಹಾಕುತ್ತಿದ್ದ. ಕೂಸಿಗೆ ಏಳನೇ ತಿಂಗಳು ತುಂಬಿತೆಂದರೆ ತಾಯಂದಿರು ಒಂದು ತಟ್ಟೆಯಲ್ಲಿ ಬೇಯಿಸಿದ ಮೀನು ತಂದು ಅಕ್ಕುತಾಯಿಯ ಮುಂದೆ ಇಡುತ್ತಿದ್ದರು. ಅವಳು ಒಂದೊಂದೇ ಚೂರನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಾಲಿಗೆಯಿಂದ ಹೊರಳಿಸುತ್ತಿದ್ದಳು. ಮುಳ್ಳು ಸಿಕ್ಕರೆ ತುಟಿಯ ಸಂದಿನಿಂದ ಎರಡು ಬೆರಳಲ್ಲಿ ಎಳೆದು ನೆಲಕ್ಕಿಡುವಳು. ಮೆತ್ತಗಾದ ಚೂರನ್ನು ಕೂಸಿನ ಬಾಯಿಗೆ ಹಚ್ಚುವಳು. ಇಷ್ಟು ವರ್ಷದಲ್ಲಿ ಒಂದು ಕೂಸೂ ಕೆಮ್ಮಿರಲಿಲ್ಲ. ಕಣ್ಣಿಗೆ ಕಾಣದ್ದು ನಾಲಿಗೆಗೆ ತಿಳಿಯುತ್ತದೆ ಎಂದು ಅವಳು ಹೇಳುತ್ತಿದ್ದಳು.

ಎಂಜಲಿನ ಬಗ್ಗೆ ತರಬೇತಿಯಲ್ಲಿ ಕಲಿತ ಪಾಠ ನನಗೆ ನೆನಪಿತ್ತು. ಒಂದೆರಡು ಸಲ ಹೇಳಿದೆ ಕೂಡ. "ತಾಯಿ ಎಂಜಲಾ ತಿಂದ ಬೆಳದಾವ್ರಿ ಎಲ್ಲಾ ಹಕ್ಕಿ ಮರಿ," ಎಂದು ಬಾಯಿ ಮುಚ್ಚಿಸಿದಳು. ಹೆಚ್ಚು ವಾದ ಮಾಡುವ ಧೈರ್ಯ ನನಗಿರಲಿಲ್ಲ. ಮೀನಿನ ವಿಷಯದಲ್ಲಿ ಅವಳೇ ಟೀಚರು.

ಅಕ್ಕುತಾಯಿಯ ಉಳಿದ ಬದುಕೆಲ್ಲ ನಿಪ್ಪಾಣಿಯಲ್ಲಿತ್ತು, ತಂಬಾಕಿನ ಗೋದಾಮಿನಲ್ಲಿ, ಅಲ್ಲಿಯವರ ಬಾಯಲ್ಲಿ ವಖಾರಿ. ಹದಿಮೂರು ವರ್ಷದವಳಿದ್ದಾಗ ಅವ್ವನ ಸೆರಗು ಹಿಡಿದು ಒಳಗೆ ಹೋದವಳು. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವಳು. ಒಣಗಿದ ಎಲೆ ಬಡಿಯುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು. ಬಾಗಿಲು ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಧೂಳು ಮಂಜಿನಂತೆ ನಿಂತಿರುತ್ತಿತ್ತಂತೆ. ವಖಾರಿಯ ಹೆಂಗಸರು ಹತ್ತಿದರೆಂದರೆ ಸಂಜೆಯ ಬಸ್ಸಿನಲ್ಲಿ ಉಳಿದವರಿಗೆ ಸೀನು ತಡೆಯುತ್ತಿರಲಿಲ್ಲ. ಎಲೆಯ ಅಂಟು ಹತ್ತಿ ಹತ್ತಿ ಅವಳ ಬೆರಳ ತುದಿಗಳು ಕಪ್ಪಾಗಿ, ಎತ್ತಿನ ಗೊರಸಿನ ಹಾಗೆ ಒರಟಾಗಿದ್ದವು.

ಮತ್ತೆ ಮಶೇರಿ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಹಲ್ಲಿಗೆ ತಿಕ್ಕುವುದು. ವಖಾರಿಯ ಹೆಂಗಸರಲ್ಲಿ ತಿಕ್ಕದವಳು ವಿರಳ. ಬೆಳಿಗ್ಗೆ ಏಳುತ್ತಲೇ ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ, ಸಂಜೆ ಬಸ್ಸಿಗೆ ಕಾಯುವಾಗ ಮತ್ತೊಮ್ಮೆ. ಅಕ್ಕುತಾಯಿಯ ಸೊಂಟದಲ್ಲಿ ಒಂದು ತಗಡಿನ ಡಬ್ಬಿ ಸದಾ ಇರುತ್ತಿತ್ತು. "ಇದು ಇಲ್ಲಂದ್ರ ಕೈಕಾಲ ಏಳೂದಿಲ್ರಿ ಬಾಯಾರ," ಎನ್ನುವಳು. ಸುಳ್ಳಲ್ಲ. ಅಷ್ಟು ದುಡಿದ ಮೈಯನ್ನು ಮಾರನೇ ದಿನ ಮತ್ತೆ ಬಸ್ಸು ಹತ್ತಿಸಬೇಕೆಂದರೆ ಏನಾದರೂ ಬೇಕಾಗುತ್ತದೆ. ನನ್ನ ಮನೆಯಲ್ಲಿ ನಮ್ಮತ್ತೆಗೆ ಚಹಾ ಇತ್ತು, ಅಕ್ಕುತಾಯಿಗೆ ಡಬ್ಬಿ.

ಒಬ್ಬಳೇ ಮಗಳು ಸುಗಂಧಾ. ಇಚಲಕರಂಜಿಯಲ್ಲಿ ಮಗ್ಗ ನಡೆಸುವವನಿಗೆ ಕೊಟ್ಟಿದ್ದರು. ಬಾಣಂತನಕ್ಕೆ ತವರಿಗೆ ಬಂದು, 1987ರ ದೀಪಾವಳಿಯ ಸುಮಾರಿಗೆ ಹೆಣ್ಣು ಹೆತ್ತಳು. ಸುಂದರಾ ಎಂದು ಹೆಸರಿಟ್ಟರು. ಗಂಡನ ಮಗ್ಗ ನಿಂತಿದೆ, ಇನ್ನೆರಡು ತಿಂಗಳು ಅಲ್ಲೇ ಇರು ಎಂಬ ಮಾತು ಎರಡೆರಡೇ ತಿಂಗಳಾಗಿ ಉದ್ದವಾಯಿತು. ಕೂಸಿಗೆ ಐದು ತಿಂಗಳಾಗುತ್ತಲೇ ಸುಗಂಧಾ ಅವ್ವನ ಜೊತೆ ವಖಾರಿಯ ಬಸ್ಸು ಹತ್ತಿದಳು. ಇಬ್ಬರೂ ಒಂದೇ ನಡಿಗೆ, ಒಂದೇ ಬಗೆಯ ಕಚ್ಚೆ. "ನೂಲಿನಂಗ ಸೀರಿ, ತಾಯಿಯಂಗ ಮಗಳು," ಎಂದು ಗಲ್ಲಿಯವರು ಹೇಳಿದರೆ ಅಕ್ಕುತಾಯಿ ಹಿಗ್ಗುತ್ತಿದ್ದಳು.

ಹಗಲೆಲ್ಲ ಎದೆಹಾಲಿಲ್ಲದೆ ಕೂಸು ಬಡವಾಯಿತು. ಅಂಗನವಾಡಿಯ ತೂಗುವ ಜೋಳಿಗೆಯಲ್ಲಿ ಹಾಕಿದರೆ ತಕ್ಕಡಿಯ ಮುಳ್ಳು ಅಲ್ಲಾಡಿತೋ ಇಲ್ಲವೋ ಎನ್ನುವಂತೆ ಇರುತ್ತಿತ್ತು. ನಮ್ಮ ತೂಕದ ಚಾರ್ಟಿನಲ್ಲಿ ಮೂರನೇ ಗೆರೆಯ ಕೆಳಗೆ ಹೋದ ಮಕ್ಕಳೆಂದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಹಿಂದಿನ ವರ್ಷ ಅದೇ ಗಲ್ಲಿಯ ಒಂದು ಕೂಸು ಆ ಗೆರೆಯ ಕೆಳಗಿದ್ದು, ಮಳೆಗಾಲದ ಭೇದಿಗೆ ಎರಡೇ ದಿನದಲ್ಲಿ ಹೋಗಿಬಿಟ್ಟಿತ್ತು. 1988ರ ಮೇ ತಿಂಗಳಲ್ಲಿ ಸುಂದರಾ ಆ ಗೆರೆಯ ಕೆಳಗೆ ಬಂದಳು. ನರ್ಸಬಾಯಿ ಬಂದವರು ಮೈ ಒತ್ತಿ ನೋಡಿ, "ಮಳಿ ಹಿಡಿಯೂದರಾಗ ಇದರ ಮೈಯಾಗ ಏನರ ತುಂಬ್ರಿ, ಇಲ್ಲಂದ್ರ ನಾ ಏನೂ ಹೇಳಂಗಿಲ್ಲ," ಎಂದರು.

ಗಂಜಿ, ಬೇಳೆ ತಿನ್ನುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ಹಾಲು ಕೊಳ್ಳುವ ಮನೆಯಲ್ಲ. ಆದರೆ ಬೇಸಿಗೆಯಲ್ಲಿ ಇಳಿದ ಹೊಳೆಯ ಮಡುಗಳಲ್ಲಿ ಸತ್ತೆಪ್ಪನ ಬಲೆಗೆ ಮೀನು ಬೀಳುತ್ತಿತ್ತು. ನಾನೇ ಹೇಳಿದೆ, "ಅಕ್ಕುತಾಯಿ, ಏಳು ತಿಂಗಳಾತಲ್ಲ, ಮೀನ ಶುರು ಮಾಡು." ಅವಳ ಮುಖ ಅರಳಿತು. ಊರ ಮಕ್ಕಳಿಗೆಲ್ಲ ಮಾಡಿದ್ದನ್ನು ತನ್ನ ಮೊಮ್ಮಗಳಿಗೆ ಮಾಡುವ ದಿನ ಬಂದಿತ್ತು.

ವಖಾರಿಗೆ ರಜೆಯಿದ್ದ ದಿನ ಕಟ್ಲಾ ಮೀನಿನ ಒಂದು ತುಂಡು ಉಪ್ಪು ಖಾರವಿಲ್ಲದೆ ಬೇಯಿಸಿದರು. ನೋಡಲು ನನ್ನನ್ನೂ ಕರೆದರು. ಅಂಗಳದ ಬೇವಿನ ನೆರಳಲ್ಲಿ ಅಕ್ಕುತಾಯಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಬಾಯಿ ಮುಕ್ಕಳಿಸಿದಳು. ಎಂದಿನಂತೆ ಕಣ್ಣು ಮುಚ್ಚಿ ಚೂರನ್ನು ಹೊರಳಿಸಿದಳು, ಮೂರು ಮುಳ್ಳು ತೆಗೆದಿಟ್ಟಳು. ಮೊದಲ ತುತ್ತು ಹೋಯಿತು. ಕೂಸು ತುಟಿ ಚಪ್ಪರಿಸಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಕೆಮ್ಮಿತು.

ಆ ಕೆಮ್ಮು ಇನ್ನೂ ನನ್ನ ಕಿವಿಯಲ್ಲಿದೆ. ಮುಖ ಕೆಂಪಾಯಿತು, ಜೊಲ್ಲು ಸುರಿಯಿತು, ಅಳಲು ದನಿಯೇ ಬರಲಿಲ್ಲ. ಅಕ್ಕುತಾಯಿ ಕೂಸನ್ನು ಮುಂಗೈಯ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ ಹಿಡಿದು, ಬೆನ್ನಿಗೆ ಬಡಿದಳು. ನಾಲ್ಕನೇ ಏಟಿಗೆ ಕಕ್ಕಿತು. ಕಕ್ಕಿದ್ದರಲ್ಲಿ ಕವಲೊಡೆದ ಒಂದು ಮುಳ್ಳು, ಅದರ ಸುತ್ತ ನೂಲಿನಷ್ಟು ರಕ್ತ. ಆಮೇಲೆ ಕೂಸು ಅತ್ತಿತು. ಅಳು ಕೇಳಿ ಅಕ್ಕುತಾಯಿ, ಸುಗಂಧಾ, ನಾನು ಮೂವರೂ ಅತ್ತೆವು.

ಅಲ್ಲಿಂದ ನೇರ ನಿಪ್ಪಾಣಿಯ ದವಾಖಾನೆಗೆ ಹೋದೆವು. ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಗೀರಿದೆ, ಬೇರೇನಿಲ್ಲ ಎಂದರು. ಮುಳ್ಳು ಯಾರು ಆರಿಸಿದ್ದು, ಹೇಗೆ ಎಂದು ಕೇಳಿದರು. ಅಕ್ಕುತಾಯಿ ಹೇಳಿದಳು. ಅವರು ಬೈಯಲಿಲ್ಲ. ಅವಳನ್ನು ಕೂರಿಸಿ, ಬಾಯಿ ತೆರೆಸಿ, ಒಳಗೆ ನೋಡಿದರು. ಕಣ್ಣು ಮುಚ್ಚು, ನಾಲಿಗೆ ಮುಟ್ಟುತ್ತೇನೆ, ತಿಳಿದಾಗ ಕೈ ಎತ್ತು ಎಂದರು. ಹತ್ತಿಯ ಎಳೆಯೊಂದನ್ನು ನಾಲಿಗೆಯ ತುದಿಗೆ ತಾಗಿಸಿದರು. ಬಲಕ್ಕೆ ತಾಗಿಸಿದರು, ಎಡಕ್ಕೆ ತಾಗಿಸಿದರು. ಅಕ್ಕುತಾಯಿಯ ಕೈ ತೊಡೆಯ ಮೇಲೆಯೇ ಇತ್ತು.

ಕಣ್ಣು ಮುಚ್ಚಿಕೊಂಡೇ ಅವಳು ಕೇಳಿದಳು, "ಮುಟ್ರಿ ಸಾಹೇಬರ, ಯಾಕ ನಿಂತೀರಿ?"

ಮೂವತ್ತು ವರ್ಷದ ಮಶೇರಿ ನಾಲಿಗೆಯನ್ನು ಯಾವಾಗ ಕೊಂದಿತ್ತೋ. ಸ್ವಲ್ಪಸ್ವಲ್ಪವೇ ಕೊಂದಿದ್ದರಿಂದ ಅವಳಿಗೆ ತಿಳಿದಿರಲಿಲ್ಲ. ದೊಡ್ಡ ಮುಳ್ಳು ತಿಳಿಯುತ್ತಿತ್ತು, ಸಣ್ಣದು ಇಲ್ಲ. ಹಿಂದಿನ ಎರಡು ಮೂರು ವರ್ಷಗಳ ಮಕ್ಕಳು ಬರೀ ಅದೃಷ್ಟದಿಂದ ಪಾರಾಗಿದ್ದವು. ಡಾಕ್ಟರು ಇನ್ನೊಂದು ಮಾತೂ ಹೇಳಿದರು: ಆ ಬಾಯಿಯ ತಂಬಾಕು ಕೂಸಿನ ಹೊಟ್ಟೆಗೂ ಹೋಗುತ್ತದೆ, ಇನ್ನು ಮೇಲೆ ಬಾಯಿಂದ ಏನೂ ಕೊಡಬೇಡಿ. ಬಸ್ಸಿನಲ್ಲಿ ಬರುವಾಗ ಅಕ್ಕುತಾಯಿ ಒಂದೇ ಸಮನೆ ತಾನು ಮೀನು ತಿನ್ನಿಸಿದ ಗಲ್ಲಿಯ ಮಕ್ಕಳ ಹೆಸರು ಹೇಳಿಕೊಳ್ಳುತ್ತಿದ್ದಳು.

ಹದಿನೈದು ದಿನ ಅವಳು ಮೀನಿನ ಹೆಸರೆತ್ತಲಿಲ್ಲ. ಡಬ್ಬಿಯನ್ನು ತಿಪ್ಪೆಗೆ ಎಸೆದಳು, ಎಂಟನೇ ದಿನ ತಾನೇ ಹೋಗಿ ಹುಡುಕಿ ತಂದಳು. "ತಲಿ ಸೀಳಿ ಹೋಗಾಕತ್ತೈತ್ರಿ. ಮತ್ತ ಬಿಟ್ಟರ ತಾನ ಏನು, ವಖಾರಿಯಾಗ ಉಸರ ತಗೊಂಡ್ರ ಅದ ಅಲ್ಲೇನ್ರಿ," ಎಂದಳು. ಬಿಡು ಎನ್ನುವುದು ಸುಲಭ, ಚಾರ್ಟು ಓದಿದಷ್ಟೇ ಸುಲಭ. ನನಗೂ ದಣಿವಾಗಿತ್ತು. ನಾಲ್ಕು ವರ್ಷ ಚಾರ್ಟು ಹಿಡಿದು ಕೂಗಿದ್ದೆ, ಒಂದು ಕೂಸಿನ ಬಾಯಿಗೆ ಒಂದು ಚೂರು ಮೀನನ್ನು ಸರಿಯಾಗಿ ಮುಟ್ಟಿಸಲು ಆಗಿರಲಿಲ್ಲ. ಅಷ್ಟರಲ್ಲಿ ಸುಂದರಾಳ ತೂಕ ಇನ್ನೂ ಇಳಿಯಿತು. ಪಶ್ಚಿಮಕ್ಕೆ ಮೋಡ ಕಟ್ಟತೊಡಗಿತ್ತು.

ನಾನು ಮತ್ತೆ ಹೋಗಿ ಕುಳಿತೆ. ನರ್ಸಬಾಯಿಯನ್ನು ಕೇಳಿ ತಿಳಿದುಕೊಂಡದ್ದನ್ನೆಲ್ಲ ಹೇಳಿದೆ. ಕಟ್ಲಾ ಬೇಡ, ಅದರ ಮಾಂಸದೊಳಗೆಲ್ಲ ಕವಲು ಮುಳ್ಳು. ನಡುವೆ ಒಂದು ಬೆನ್ನುಮುಳ್ಳು, ಪಕ್ಕೆಯ ಮುಳ್ಳು ಇಷ್ಟೇ ಇರುವ ಮರಳ ಮೀನು ಸಿಕ್ಕರೆ ತರಲಿ. ಅಂದು ಹಿಡಿದದ್ದನ್ನು ಅಂದೇ ಬೇಯಿಸಲಿ. ಬಾಯಿಂದಲ್ಲ, ಕೈ ತೊಳೆದುಕೊಂಡು ಬೆರಳಿಂದ ಒತ್ತಿ ಒತ್ತಿ ಆರಿಸಲಿ. ಅಕ್ಕುತಾಯಿ ತನ್ನ ಬೆರಳುಗಳನ್ನು ನನ್ನ ಮುಂದೆ ಹಿಡಿದಳು. ಅವುಗಳ ತುದಿಗೆ ನಾಲಿಗೆಗಿಂತ ಕಡಿಮೆ ತಿಳಿಯುತ್ತಿತ್ತು.

"ಸುಗಂಧಾ ನೋಡತಾಳ್ರಿ," ಎಂದಳು. "ಆಕೀದು ಹೊಸಾ ನಾಲಿಗಿ."

ಮರುದಿನ ಸತ್ತೆಪ್ಪ ಮೊಳದುದ್ದದ ಮರಳ ಮೀನು ತಂದ. ಬೇಯಿಸಿ ಬಿಳಿ ಪಿಂಗಾಣಿ ತಟ್ಟೆಗೆ ಹಾಕಿದರು. ಅಕ್ಕುತಾಯಿ ಬೆನ್ನುಮುಳ್ಳು ಎತ್ತಿ ತೆಗೆದಳು, ಪಕ್ಕೆಯವನ್ನು ಬಿಡಿಸಿದಳು. ಆಮೇಲೆ ಒಂದು ಚೂರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಮಗಳಿಗೆ ಕೊಟ್ಟಳು.

"ಕೂಸಿಗೆ ಕೊಡೂದಲ್ಲ ಇದು. ಸುಮ್ನ ನೋಡ. ಮುಳ್ಳ ಐತೇನು?"

ಸುಗಂಧಾ ಬಾಯಿಗೆ ಹಾಕಿಕೊಂಡಳು. ಹೊರಳಿಸಿದಳು. "ಇಲ್ಲಬೇ."

"ಇನ್ನೊಮ್ಮಿ ನೋಡ."

"ಇಲ್ಲಬೇ ಯವ್ವಾ, ಬೆಣ್ಣಿ ಆಗೇತಿ."

"ಉಗಳ."

ಅಂಗೈಗೆ ಉಗುಳಿದ ಚೂರನ್ನು ಅಕ್ಕುತಾಯಿ ಬಿಡಿಸಿದಳು. ಒಳಗೆ ಮುಳ್ಳಿತ್ತು. ಮೊದಲೇ ಕಣ್ಣಿಗೆ ಕಂಡಿದ್ದರೂ ಅವಳು ಬೇಕೆಂದೇ ಬಿಟ್ಟಿದ್ದಳು. ಡಾಕ್ಟರು ತನಗೆ ಮಾಡಿದ ಪರೀಕ್ಷೆಯನ್ನು ಅವಳು ಮಗಳಿಗೆ ಮಾಡಿದ್ದಳು. ಹತ್ತಿರ ಸರಿದು, ಹೆಬ್ಬೆರಳಿಂದ ಸುಗಂಧಾಳ ಕೆಳತುಟಿಯನ್ನು ಕೆಳಗೆ ಎಳೆದಳು. ವಸಡಿನ ಬುಡದಲ್ಲಿ ಕಪ್ಪು ಗೆರೆ.

"ಯಾವಾಗಿಂದ?"

ಸುಗಂಧಾ ತಲೆ ತಗ್ಗಿಸಿದಳು. "ಮದವಿಗಿಂತ ಮೊದಲ. ಈಗ ಮತ್ತ ಜಾಸ್ತಿ ಆಗೇತಿ. ಎದಿ ಹಾಲ ತುಂಬಿ ನೋಯತೈತಿ, ಮನಿಗೆ ಬರಾಕ ಆಗೂದಿಲ್ಲ. ತಿಕ್ಕಿದ್ರ ಒಂದೀಟ ಸುಮ್ಮ ಆಗತೈತಿ."

"ಯಾರ ಡಬ್ಬೀದು?"

"ನಿಂದ."

ಅಕ್ಕುತಾಯಿ ಹೊಡೆಯುತ್ತಾಳೆಂದು ನಾನು ಎದ್ದು ನಿಂತೆ. ಅವಳು ಹೊಡೆಯಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿದಳು. ದಣಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅಷ್ಟು ದಣಿದ ಮುಖ ನೋಡಿಲ್ಲ. ನೂಲಿನಂತೆ ಸೀರೆ ಎಂಬ ಮಾತು ಅವಳಿಗೂ ನೆನಪಾಯಿತೇನೋ. ತಟ್ಟೆಯಲ್ಲಿ ಮೀನು ಆರುತ್ತಿತ್ತು. ಕೂಸು ಸತ್ತೆಪ್ಪನ ತೊಡೆಯ ಮೇಲೆ ಕುಳಿತು ಅದನ್ನೇ ನೋಡುತ್ತಿತ್ತು. ಸುಗಂಧಾಳ ಬೆರಳ ತುದಿಗಳೂ ಎಲೆಯ ಅಂಟಿಗೆ ಆಗಲೇ ಕಪ್ಪಾಗಿ ಒರಟಾಗಿದ್ದವು. ಆ ಮನೆಯಲ್ಲಿ ಉಳಿದ ನಾಲಿಗೆಯೆಂದರೆ ಸತ್ತೆಪ್ಪನದು, ಅವನ ಬಾಯಲ್ಲಿ ಯಾವಾಗಲೂ ತಂಬಾಕಿನ ಗೋಲಿ ಇರುತ್ತಿತ್ತು.

ನಾನು ಹೊರಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದೆ. ಬಂದು ತಟ್ಟೆಯ ಮುಂದೆ ಕುಳಿತೆ.

"ಬ್ಯಾಡ್ರಿ ಬಾಯಾರ," ಎಂದಳು ಅಕ್ಕುತಾಯಿ. "ನಿಮ್ಮ ಮನ್ಯಾಗ ತಿಳದ್ರ..."

"ಸುಮ್ಮನ ಕುಂಡರು," ಎಂದೆ. ಸಿಟ್ಟಿನಲ್ಲೇ ಹೇಳಿದೆ. ಯಾರ ಮೇಲಿನ ಸಿಟ್ಟೆಂದು ನನಗೂ ಗೊತ್ತಿರಲಿಲ್ಲ.

ಬೆಂದ ಮೀನು ಬೆಚ್ಚಗಿತ್ತು, ಕಳಿತ ಬಾಳೆಹಣ್ಣಿನ ಹಾಗೆ ಬೆರಳಿಗೆ ಕುಸಿಯಿತು. ಒಂದೊಂದು ಎಸಳನ್ನೂ ಹೆಬ್ಬೆರಳು ತೋರುಬೆರಳ ನಡುವೆ ತಟ್ಟೆಗೆ ಒತ್ತಿ, ಉಜ್ಜಿ ನೋಡಿದೆ. ಎರಡು ಸಲ ಏನೋ ಚುಚ್ಚಿತು. ಕೂದಲಿನಂಥ ಎರಡು ಮುಳ್ಳು. ಅಕ್ಕುತಾಯಿ ಮುಂದೆ ಬಾಗಿ ಅವನ್ನು ನೋಡಿ, "ಕುರಡಗಣ್ಣಿಗಿಂತ ಮೆಳ್ಳಗಣ್ಣ ಲೇಸು," ಎಂದಳು. ಹೊಗಳಿದಳೋ ಹಂಗಿಸಿದಳೋ ತಿಳಿಯಲಿಲ್ಲ. ಕೂಸನ್ನು ನೆಟ್ಟಗೆ ಕೂರಿಸಿ, ಗಂಜಿಯಲ್ಲಿ ಕಲಸಿ, ಒಂದು ಚಮಚೆಯಷ್ಟೇ ಕೊಟ್ಟೆವು. ಮೂರು ದಿನ ಬೇರೆ ಹೊಸದೇನೂ ಕೊಡದೆ ಕಾದೆವು. ಮೈಮೇಲೆ ಗಂಧೆ ಏಳಲಿಲ್ಲ, ತುಟಿ ಊದಲಿಲ್ಲ, ವಾಂತಿಯಾಗಲಿಲ್ಲ. ನಾಲ್ಕನೇ ದಿನ ಎರಡು ಚಮಚೆ.

ಮನೆಗೆ ಹೋದಾಗ ನಮ್ಮತ್ತೆ ಮೂಗು ಅರಳಿಸಿ, ಏನದು ವಾಸನೆ ಎಂದರು. ಅಂಗನವಾಡಿಗೆ ಸರ್ಕಾರದಿಂದ ಹೊಸ ಸೋಪು ಬಂದಿದೆ ಎಂದೆ. ಇಷ್ಟು ಕೆಟ್ಟ ಸೋಪು ಯಾವ ಸರ್ಕಾರ ಕೊಡುತ್ತದೆ ಎಂದು ಅವರು ವಾರಗಟ್ಟಲೆ ಬೈದರು. ನಾನು ದೇವರ ಮುಂದೆ ಕ್ಷಮೆ ಕೇಳಿದೆ, ಮತ್ತೆ ಮೂರನೇ ದಿನಕ್ಕೆ ಹೋಗಿ ಮುಳ್ಳು ಆರಿಸಿದೆ. ಹೊಳೆ ತುಂಬಿ ಬಲೆ ನಿಲ್ಲುವವರೆಗೆ ಹೀಗೇ ನಡೆಯಿತು. ಜುಲೈನಲ್ಲಿ ಸುಂದರಾ ಮೂರನೇ ಗೆರೆಯ ಮೇಲೆ ಬಂದಳು. ಆ ವರ್ಷದ ಭೇದಿ ಅವಳಿಗೂ ಬಂತು, ತಡೆದುಕೊಂಡಳು.

ಗಲ್ಲಿಯ ತಾಯಂದಿರಿಗೆ ಅಕ್ಕುತಾಯಿ ತಾನೇ ಮನೆಮನೆಗೆ ಹೋಗಿ ಹೇಳಿ ಬಂದಳು, ಇನ್ನು ನನ್ನ ಮುಂದೆ ತಟ್ಟೆ ಇಡಬೇಡಿ, ಮಶೇರಿ ತಿಕ್ಕದವರು ಬೆರಳಿಂದ ಆರಿಸಿರಿ ಎಂದು. ನನ್ನ ಚಾರ್ಟಿನ ಮಾತು ಅವಳ ಬಾಯಿಂದ ಬಂದಾಗ ಎಲ್ಲರೂ ಕೇಳಿದರು. ಸುಗಂಧಾ ಎರಡು ವರ್ಷದ ಮೇಲೆ ಗಂಡನ ಊರಿಗೆ ಹೋದಳು. ಅಲ್ಲಿ ಮತ್ತೆ ಹಡೆದಳು, ಸುಂದರಾ ಅಜ್ಜಿಯ ಹತ್ತಿರವೇ ಉಳಿದಳು.

1998ರ ಬೇಸಿಗೆಯಲ್ಲಿ ನಾನು ಕಡೆಯ ಸಲ ಅಕ್ಕುತಾಯಿಯನ್ನು ನೋಡಲು ಹೋದೆ. ಆ ಹೊತ್ತಿಗೆ ಅವಳ ಬಾಯಿಯೊಳಗೆ ಹುಣ್ಣಾಗಿ ವರ್ಷ ದಾಟಿತ್ತು. ದವಡೆ ಬಿಗಿದು, ಒಂದು ಬೆರಳು ಹೋಗುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ. ಖಾರ ಸೇರದು, ರೊಟ್ಟಿ ಸೇರದು. ಹತ್ತು ವರ್ಷದ ಸುಂದರಾ ಅದೇ ಬಿಳಿ ತಟ್ಟೆ ಮುಂದಿಟ್ಟುಕೊಂಡು, ಉಪ್ಪಿಲ್ಲದೆ ಬೇಯಿಸಿದ ಮರಳ ಮೀನನ್ನು ಬೆರಳಿಂದ ಒತ್ತಿ ಒತ್ತಿ ಮುಳ್ಳು ಆರಿಸುತ್ತಿದ್ದಳು. ಗಂಜಿಯಲ್ಲಿ ಕಲಸಿ ಚಮಚೆ ಎತ್ತಿದಳು.

ಅಕ್ಕುತಾಯಿ ಬಾಯಿ ತೆರೆಯಲಿಲ್ಲ. ಕೈ ಚಾಚಿ ಹುಡುಗಿಯ ಗದ್ದ ಹಿಡಿದಳು.

"ಮೊದಲ ಹಲ್ಲ ತೋರಸು," ಎಂದಳು. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ದಿನಾ ಹಿಂಗ ಮಾಡತಾಳ್ರಿ ಬಾಯಾರ," ಎಂದು ಸುಂದರಾ ನನ್ನ ಕಡೆ ನೋಡಿ ಬೇಸರದಿಂದ ಹೇಳಿ, ತುಟಿ ಮೇಲೆತ್ತಿದಳು, ಕೆಳಗಿಳಿಸಿದಳು, ನಾಲಿಗೆಯನ್ನೂ ಚಾಚಿದಳು. ಅಕ್ಕುತಾಯಿ ಒಂದೊಂದೇ ಹಲ್ಲು ನೋಡಿದಳು, ಹತ್ತಿರಕ್ಕೆ ಎಳೆದು ಬಾಯಿಯ ವಾಸನೆ ನೋಡಿದಳು. ಆಮೇಲೆ ತಾನು ಬಾಯಿ ತೆರೆದಳು, ತೆರೆಯುವಷ್ಟು.